ಒಂಬತ್ತರ ಬಾಲ

೧೧ ಆಗಸ್ಟ್

ಪ್ರೀತಿಯ ಕೆಂಪಿ,

ನನ್ನ ಕೈಬರಹ ಕಂಡರೆ ಲಕೋಟೆ ಒಡೆಯದೆ ಹಿಂದಕ್ಕೆ ಕಳಿಸುತ್ತೀಯ ಎಂದು ವಿಳಾಸವನ್ನು ಮಗಳ ಕೈಯಲ್ಲಿ ಬರೆಸಿದ್ದೇನೆ. ನೀನು ಈ ಸಾಲು ಓದುತ್ತಿದ್ದೀಯ ಎಂದರೆ ಉಪಾಯ ಫಲಿಸಿತು. ಬೈದುಕೊಂಡಾದರೂ ಪೂರ್ತಿ ಓದು.

ನಾವು ಬರುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಪುಟ್ಟಿ. ಪುಟ್ಟಿ ಹಳೆಯ ಕಾರೊಂದನ್ನು ಕೊಂಡಿದ್ದಾಳೆ. ಮರುಭೂಮಿ ದಾಟಿಸಿ ನಿನ್ನ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತೇನೆ ಎನ್ನುತ್ತಾಳೆ. ನಾಲ್ಕು ದಿನದ ದಾರಿ. ಬಿಸಿಲು ಇಳಿಯಲಿ ಎಂದು ನವೆಂಬರಿಗೆ ಇಟ್ಟುಕೊಂಡಿದ್ದೇವೆ. ಸ್ಟೇಷನ್ ಮಾಸ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಯಜಮಾನರ ಕೈಗೆ ರೈಲುಗಳಿಲ್ಲ, ನಾವೇ ರೈಲು. ಈಗಲೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದಾರೆ. "ಬೆಳಗ್ಗೆ ಐದು ಐವತ್ತಕ್ಕೆ ಹೊರಡೋದು. ಒಂದು ನಿಮಿಷ ತಡ ಮಾಡಿದವರನ್ನ ಬಿಟ್ಟು ಹೋಗ್ತೀನಿ." ಕಾರು ಓಡಿಸಲು ಬರುವುದು ಪುಟ್ಟಿಯೊಬ್ಬಳಿಗೇ. "ನನ್ನ ಬಿಟ್ಟು ಹೇಗೆ ಹೋಗ್ತೀರಪ್ಪ, ತಳ್ಕೊಂಡಾ?" ಎಂದು ಅವಳು ಕೇಳಿದ್ದಕ್ಕೆ ಎರಡು ದಿನ ಮುನಿಸು.

ಪುಟ್ಟಿಗೆ ಈಗ ಇಪ್ಪತ್ತೊಂಬತ್ತು. ಛಾಪಾಖಾನೆಯಲ್ಲಿ ನಿನ್ನ ಮೇಜಿನ ಕೆಳಗೆ ಕೂತು ಸವೆದ ಅಚ್ಚುಮೊಳೆಗಳಲ್ಲಿ ಅಕ್ಷರ ಕಲಿತವಳು. ಮೊಳೆ ಜೋಡಿಸುವ ನನಗೆ ಮೊಳೆ ಎಂದೂ ಕೆಂಪು ಶಾಯಿಯಲ್ಲಿ ಕರಡು ತಿದ್ದುವ ನಿನಗೆ ಕೆಂಪಿ ಎಂದೂ ಹೆಸರಿಟ್ಟವರು ಯಾರು ಎಂದು ಮೊನ್ನೆ ಕೇಳಿದಳು. ನನಗೆ ನೆನಪಾಗಲಿಲ್ಲ. ನಿನಗೆ ನೆನಪಿರುತ್ತದೆ.

ಇಪ್ಪತ್ತನಾಲ್ಕು ವರ್ಷವಾಯಿತು ಕಣೇ. ಆಗಿದ್ದು ಆಗಿಹೋಯಿತು. ನಮ್ಮ ಮನೆಯಲ್ಲಿ ಯಾರಿಗೂ ನಿನ್ನ ಮೇಲೆ ಬೇಸರವಿಲ್ಲ. ನಿನ್ನನ್ನು ಯಾವತ್ತೋ ಕ್ಷಮಿಸಿದ್ದೇವೆ. ಹಾಸಿಗೆ ನಾವೇ ತರುತ್ತೇವೆ, ನಿನಗೆ ತೊಂದರೆ ಕೊಡುವುದಿಲ್ಲ.

ನಿನ್ನ
ಮೊಳೆ

೨೪ ಆಗಸ್ಟ್

ಮೊಳೆ,

ಹೆಸರಿನ ಮುಂಚೆ ಬರಬೇಕಾದ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಮುದ್ರಣದೋಷವಲ್ಲ.

ಕ್ಷಮಿಸಿದ್ದೀರಂತೆ. ನಿನ್ನ ಕಾಗದದ ಆ ಸಾಲಿನ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಯಾರು, ಯಾರನ್ನು, ಯಾವುದಕ್ಕೆ? ನಿನ್ನ ಮರೆವು ನಿನಗೆ ಅನುಕೂಲವಾಗಿದೆ. ನನಗೆ ಆ ಅನುಕೂಲವಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ಕೇಳು.

ಮರುಭೂಮಿ ದಾಟುವವರಿಗಾಗಿ ಒಂದು ಕೈಪಿಡಿ ನಮ್ಮ ಛಾಪಾಖಾನೆಯಲ್ಲಿ ಅಚ್ಚಾಯಿತು. ಎಲ್ಲಿ ನೀರು, ಎಲ್ಲಿ ತಂಗುವ ಜಾಗ, ಅಲ್ಲಿಂದ ಮುಂದಿನ ಪೆಟ್ರೋಲು ಎಷ್ಟು ಮೈಲಿಗೆ. ಒಂದು ಕಡೆ ಹಸ್ತಪ್ರತಿಯಲ್ಲಿ ತೊಂಬತ್ತು ಮೈಲಿ ಎಂದಿತ್ತು. ನೀನು ಜೋಡಿಸಿದ್ದು ಎಂಬತ್ತು. ನಾನು ಕರಡಿನಲ್ಲಿ ಎಂಟನ್ನು ಹೊಡೆದು ಅಂಚಿನಲ್ಲಿ ಒಂಬತ್ತು ಬರೆದೆ. ಅವಸರದ ಕೆಲಸ ಎಂದು ಮಾಲೀಕರು ಎರಡನೆಯ ಕರಡು ತೆಗೆಸಲಿಲ್ಲ. ಅಚ್ಚಾಗಿ ಬಂದದ್ದು ಅರವತ್ತು. ಅದನ್ನು ನಂಬಿ ಒಬ್ಬ ಶಾಲಾ ಮೇಷ್ಟ್ರು ಹೆಂಡತಿಯ ಜೊತೆ ಹೊರಟರು. ಅರವತ್ತು ದಾಟಿ ಸ್ವಲ್ಪ ದೂರಕ್ಕೆ ಕಾರು ನಿಂತಿತು. ಹೆಂಡತಿಯನ್ನು ಕಾರಿನ ನೆರಳಿನಲ್ಲಿ ಕೂರಿಸಿ, ಪಂಪು ಇಲ್ಲೇ ಎಲ್ಲೋ ಇರಬೇಕು ಎಂದು ನಡೆದು ಹೋದವರು ಬರಲಿಲ್ಲ. ಮರುದಿನ ಲಾರಿಯವರು ಆಕೆಯನ್ನು ಕಂಡರು. ಮೇಷ್ಟ್ರನ್ನು ಅದರ ಮರುದಿನ.

ವಿಚಾರಣೆಯ ದಿನ ಮಾಲೀಕರ ಕೋಣೆಯಲ್ಲಿ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. "ಕರಡಿನಲ್ಲೂ ಅರವತ್ತೇ ಇತ್ತು ಸಾರ್. ಅಕ್ಕ ಅಲ್ಲಿ ಗುರುತೇ ಹಾಕಿರಲಿಲ್ಲ." ಕರಡು ಎಲ್ಲಿ ಎಂದು ಕೇಳಿದರೆ "ಕಳೆದುಹೋಗಿದೆ ಸಾರ್." ಧ್ವನಿ ನಡುಗಲೂ ಇಲ್ಲ.

ಆಮೇಲಿನದು ನಿನಗೆ ಗೊತ್ತಿಲ್ಲ, ಏಕೆಂದರೆ ನೀನು ತಿರುಗಿ ನೋಡಲಿಲ್ಲ. ಆ ಊರಿನ ಯಾವ ಛಾಪಾಖಾನೆಯೂ ನನ್ನನ್ನು ಒಳಗೆ ಬಿಡಲಿಲ್ಲ. ಅಂಗಡಿಗೆ ಹೋದರೆ "ಮೇಷ್ಟ್ರನ್ನ ಕೊಂದ ಪುಸ್ತಕದವಳು" ಎಂದು ಪಿಸುಗುಡುವುದು ಕೇಳುತ್ತಿತ್ತು. ಅದೇ ಮರುಭೂಮಿ ದಾಟಿ ಈ ಕಡೆಗೆ ಬಂದೆ. ಭಾಷೆಯಲ್ಲಿ ಎಂ.ಎ. ಮಾಡಿದವಳು ಒಂದು ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಊರವರ ಅಂಗಿಗಳ ಕಾಲರಿಗೆ ಮಾಸದ ಶಾಯಿಯಲ್ಲಿ ನಂಬರು ಬರೆಯುತ್ತೇನೆ. ಇಪ್ಪತ್ತು ವರ್ಷದಿಂದ. ಹಬೆಯಲ್ಲಿ ಕನ್ನಡಕ ಮಂಜಾಗುತ್ತದೆ, ಒರೆಸಿಕೊಂಡು ಬರೆಯುತ್ತೇನೆ.

ಕೆಲಸ ಹೋದದ್ದಕ್ಕೆ ಇಷ್ಟು ಕೋಪವಿಲ್ಲ. ಪುಟ್ಟಿ ನನ್ನ ಬಗ್ಗೆ ಏನು ತಿಳಿದು ಬೆಳೆದಿದ್ದಾಳೆ ಎನ್ನುವುದಕ್ಕೆ ಕೋಪ. ನೀನು ಇಲ್ಲಿಗೆ ಬರುವುದಾದರೆ ಒಂದೇ ಷರತ್ತು. ದಾರಿಯಲ್ಲಿ, ಕಾರಿನೊಳಗೆ, ಅವಳಿಗೆ ನಿಜ ಹೇಳಿ ಬಾ. ನಾಲ್ಕು ದಿನ ಸಾಕು. ನಡುವೆ ಇಳಿದು ಓಡಿಹೋಗಲು ಅಲ್ಲಿ ಬೀದಿಗಳಿಲ್ಲ.

ಇಂತಿ,
ಕರಡು ತಿದ್ದುತ್ತಿದ್ದವಳು

೫ ಅಕ್ಟೋಬರ್

ಕೆಂಪಿ,

ಐದು ವಾರ ನಿನ್ನ ಕಾಗದ ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಇತ್ತು. ದಾರದುಂಡೆ ತೆಗೆಯಲು ಹೋದಾಗೆಲ್ಲ ಕೈಗೆ ತಗಲುತ್ತಿತ್ತು. ಬೈಗುಳವನ್ನೂ ಅಲ್ಪವಿರಾಮ, ಪೂರ್ಣವಿರಾಮ ಸಮೇತ ಬರೆಯುವವಳು ನೀನೊಬ್ಬಳೇ.

ನಾನು ಹೇಳಿದ್ದು ಸುಳ್ಳು. ಗುರುತು ಇತ್ತು. ಒಪ್ಪಿಕೊಂಡೆ, ಸಾಕಾ? ಇದನ್ನು ನಿನ್ನ ಮನೆಗೆ ಬಂದು ನಿನ್ನ ಮುಂದೆ ನೂರು ಸಲ ಹೇಳುತ್ತೇನೆ. ಕಾಲು ಹಿಡಿ ಎಂದರೆ ಹಿಡಿಯುತ್ತೇನೆ. ಪುಟ್ಟಿಯ ಎದುರಿಗೆ ಮಾತ್ರ ಬೇಡ. ಅವಳು ಮಗಳು ಕಣೇ. ಶಾಲೆಯಲ್ಲಿ "ಸುಳ್ಳು ಹೇಳಿದರೆ ನಮ್ಮಮ್ಮನಿಗೆ ಮುಖ ನೋಡಿದ ತಕ್ಷಣ ಗೊತ್ತಾಗುತ್ತೆ" ಎಂದು ಗೆಳತಿಯರಿಗೆ ಹೇಳಿಕೊಂಡು ಬೆಳೆದವಳು. ನಿನಗೆ ಮಕ್ಕಳಿದ್ದಿದ್ದರೆ ನಿನಗೂ ತಿಳಿಯುತ್ತಿತ್ತು.

ಆ ಸಾಲನ್ನು ಬರೆದ ಮೇಲೆ ಹೊಡೆದುಹಾಕೋಣ ಎನಿಸಿತು. ಹೊಡೆದರೂ ನೀನು ಬೆಳಕಿಗೆ ಹಿಡಿದು ಓದುತ್ತೀಯ. ಇರಲಿ.

ಸರಿ, ಹೇಳುತ್ತೇನೆ. ನವೆಂಬರ್ ಒಂಬತ್ತನೇ ತಾರೀಕು ಹೊರಡುತ್ತೇವೆ. ಒಂಬತ್ತು ಎಂದು ಅಕ್ಷರದಲ್ಲೇ ಬರೆದಿದ್ದೇನೆ, ನೋಡಿಕೋ. ಯಜಮಾನರ ವೇಳಾಪಟ್ಟಿಯ ಪ್ರತಿ ಇದರ ಜೊತೆಗಿದೆ, ಯಾವ ದಿನ ಎಲ್ಲಿ ತಂಗುತ್ತೇವೆ ಎನ್ನುವುದೆಲ್ಲ ಅದರಲ್ಲಿದೆ.

ಮೊಳೆ

೧೪ ಅಕ್ಟೋಬರ್

ಮೊಳೆ,

ವೇಳಾಪಟ್ಟಿ ತಲುಪಿತು. ನಿಮ್ಮ ಯಜಮಾನರು ಕಾಗುಣಿತದಲ್ಲಿ ಮೂರು ತಪ್ಪು ಮಾಡಿದ್ದಾರೆ, ತಿದ್ದಿಲ್ಲ.

ಮಕ್ಕಳ ವಿಷಯದ ಸಾಲನ್ನು ಬೆಳಕಿಗೆ ಹಿಡಿಯದೆಯೇ ಓದಿದೆ. ಅದಕ್ಕೂ ಸೇರಿಸಿ ಹೇಳುತ್ತಿದ್ದೇನೆ. ಪುಟ್ಟಿಗೆ ಹೇಳದೆ ಬಂದರೆ ಕಾರನ್ನು ಹೊರಗಿನಿಂದಲೇ ತಿರುಗಿಸಿಕೊಂಡು ಹೋಗಬೇಕಾಗುತ್ತದೆ. ನನ್ನ ಬಾಗಿಲಿಗೆ ಒಳಗಿನಿಂದ ಎರಡು ಚಿಲಕವಿದೆ.

ಇಷ್ಟೇ.

೯ ನವೆಂಬರ್, ಮೊದಲ ತಂಗುದಾಣ

ಕೆಂಪಿ,

ಹೇಳಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಉಳಿದದ್ದನ್ನು ಓದುವುದಿಲ್ಲ.

ಬೆಳಗ್ಗೆ ಐದು ಐವತ್ತಕ್ಕೆ ಸರಿಯಾಗಿ ಹೊರಟೆವು. ಯಜಮಾನರು ಹದಿನಾಲ್ಕು ನೀರಿನ ಕ್ಯಾನು ತುಂಬಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾರೆ. ನಾನು ಅವುಗಳ ನಡುವೆ ಹದಿನೈದನೆಯ ಕ್ಯಾನಿನ ಹಾಗೆ ಕೂತಿದ್ದೇನೆ. ಊರು ದಾಟಿದ ಮೇಲೆ ಒಂದು ಗಂಟೆ ಗಿಡಗಳಿದ್ದವು, ಆಮೇಲೆ ಮುಳ್ಳಿನ ಪೊದೆ, ಆಮೇಲೆ ಅದೂ ಇಲ್ಲ. ನೆಲ ಮತ್ತು ಆಕಾಶ ಎರಡೂ ಒಂದೇ ಬಣ್ಣ. ಅಷ್ಟು ಖಾಲಿ ಜಾಗದಲ್ಲಿ ಬಾಯಿಗೆ ಬಂದ ಮಾತು ಎಲ್ಲಿಗೆ ಹೋಗಿ ಬೀಳುತ್ತದೋ ಎಂದು ಹೆದರಿಕೆಯಾಗುತ್ತದೆ.

ಮೂರು ಸಲ ಬಾಯಿ ತೆರೆದೆ. ಮೂರನೆಯ ಸಲ "ಪುಟ್ಟಿ, ಒಂದು ವಿಷಯ ಹೇಳಬೇಕಿತ್ತು" ಎಂದೇಬಿಟ್ಟೆ.

"ಹೇಳಮ್ಮ."

"ಏನಿಲ್ಲ, ಕಿಟಕಿ ಏರಿಸು. ಮರಳು ಬರ್ತಿದೆ."

"ಇಷ್ಟಕ್ಕೆ ಇಷ್ಟೊಂದು ಪೀಠಿಕೆಯಾ?" ಎಂದರು ಯಜಮಾನರು. ಅವರು ನನ್ನನ್ನು ಕನ್ನಡಿಯಲ್ಲಿ ನೋಡಿದರು. ತುಂಬ ಹೊತ್ತು ನೋಡಿದರು.

ಲಾಡ್ಜಿನ ಕೋಣೆಯಲ್ಲಿ ಮೂರು ಮಂಚ, ಒಂದು ಬಲ್ಬು. ಪುಟ್ಟಿ ಸ್ಟಿಯರಿಂಗ್ ಹಿಡಿದೂ ಹಿಡಿದೂ ಮರಗಟ್ಟಿದ ಬೆರಳುಗಳನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು "ದೊಡ್ಡಮ್ಮ ನನ್ನ ಗುರುತು ಹಿಡೀತಾರಾ ಅಮ್ಮ?" ಎಂದು ಕೇಳಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದಾಗ ಅವಳು ತನ್ನ ಟವೆಲನ್ನು ನನ್ನ ಕೈಗಿಟ್ಟಳು.

ನಾಳೆ ಹೇಳುತ್ತೇನೆ.

ಮೊಳೆ

೧೦ ನವೆಂಬರ್, ಎರಡನೆಯ ತಂಗುದಾಣ

ದೊಡ್ಡಮ್ಮ,

ಹಾಗೆ ಕರೆಯಬೇಕೋ ಬೇಡವೋ ತಿಳಿಯುತ್ತಿಲ್ಲ. ರಕ್ತಸಂಬಂಧವಿಲ್ಲದಿದ್ದರೂ ಚಿಕ್ಕಂದಿನಿಂದ ಬಾಯಿಗೆ ಅಭ್ಯಾಸವಾಗಿರುವುದರಿಂದ ಕರೆಯುತ್ತಿದ್ದೇನೆ.

ನೀವು ಅಮ್ಮನಿಗೆ ಏನು ಬರೆದಿದ್ದೀರಿ? ನಿನ್ನೆಯಿಂದ ಅವರು ಊಟ ಮಾಡಿಲ್ಲ. ಇವತ್ತು ನೂರ ನಲವತ್ತು ಮೈಲಿಯುದ್ದಕ್ಕೂ ಒಂದು ಮಾತಿಲ್ಲ. ಕೈಚೀಲದಲ್ಲಿ ನಿಮ್ಮ ಎರಡು ಕಾಗದಗಳಿವೆ. ತೆಗೆಯುತ್ತಾರೆ, ಓದುತ್ತಾರೆ, ಇಡುತ್ತಾರೆ. ನನಗೆ ಕೊಡಿ ಎಂದರೆ "ನಿನಗಲ್ಲ" ಎನ್ನುತ್ತಾರೆ. ಅಪ್ಪನನ್ನು ಕೇಳಿದರೆ "ಟೈಮಾಯ್ತು, ನಡಿ" ಎನ್ನುತ್ತಾರೆ. ಟೈಮು ಯಾವತ್ತೂ ಆಗಿರುತ್ತದೆ.

ನನಗೆ ಗೊತ್ತಿರುವುದು ಇಷ್ಟು. ನಿಮ್ಮಿಂದ ಒಂದು ತಪ್ಪಾಯಿತು. ಒಬ್ಬರು ಸತ್ತರು. ನೀವು ಅಮ್ಮನ ಜೊತೆ ಮಾತು ಬಿಟ್ಟು ಹೊರಟುಹೋದಿರಿ. ನಮ್ಮಮ್ಮ ಒಂದು ದಿನವೂ ನಿಮ್ಮ ಬಗ್ಗೆ ಕೆಟ್ಟ ಮಾತಾಡಿಲ್ಲ. "ಪಾಪ, ಅವಳ ಗ್ರಹಚಾರ" ಎನ್ನುತ್ತಿದ್ದರು. ನನಗೆ ಐದು ವರ್ಷ. ನೀವು ಹೇಳದೆ ಹೋದ ಮೇಲೆ ಒಂದು ತಿಂಗಳು ನಿಮ್ಮ ಮೇಜಿನ ಕೆಳಗೇ ಹೋಗಿ ಕೂರುತ್ತಿದ್ದೆನಂತೆ. ತಪ್ಪು ಮಾಡಿದವರು ನೀವು, ಬಿಟ್ಟು ಹೋದವರು ನೀವು, ಕೋಪವೂ ನಿಮಗೇನಾ? ಆ ಕೋಪವನ್ನು ನಮಗಾಗಿ ಐನೂರು ಮೈಲಿ ಕಾಯಿಸಿ ಇಟ್ಟಿದ್ದೀರಾ?

ನಾಡಿದ್ದು ನಿಮ್ಮ ಬಾಗಿಲಿಗೆ ಬರುತ್ತೇವೆ. ಅಮ್ಮನನ್ನು ಅಳಿಸಿದರೆ ನಾನು ಸುಮ್ಮನೆ ಇರುವವಳಲ್ಲ. ಇದನ್ನು ಮೊದಲೇ ತಿಳಿಸಿದ್ದೇನೆ.

ಪುಟ್ಟಿ

೧೧ ನವೆಂಬರ್

ಪುಟ್ಟಿ,

ನೀವಿರುವ ದಾರಿಯಲ್ಲಿ ದಿನಕ್ಕೊಂದು ಬಸ್ಸು. ಅದರ ಕಂಡಕ್ಟರ್ ನಮ್ಮ ಲಾಂಡ್ರಿಯ ಗಿರಾಕಿ. ನಿನ್ನ ಕಾಗದ ತಂದುಕೊಟ್ಟವನೂ ಅವನೇ, ಇದನ್ನು ನಿಮ್ಮ ಮೂರನೆಯ ತಂಗುದಾಣಕ್ಕೆ ತಲುಪಿಸುವವನೂ ಅವನೇ. ಅವನು ಕೆಳಗೆ ನಿಂತು ಹಾರನ್ ಹೊಡೆಸುತ್ತಿದ್ದಾನೆ, ಅದಕ್ಕೇ ಬೇಗ ಬರೆಯುತ್ತಿದ್ದೇನೆ.

ಚೆನ್ನಾಗಿ ಬೈದಿದ್ದೀಯ. ಒಂದೇ ಒಂದು ಕಾಗುಣಿತ ತಪ್ಪಿಲ್ಲ. ಅಕ್ಷರ ಕಲಿಸಿದ್ದು ವ್ಯರ್ಥವಾಗಲಿಲ್ಲ.

ಆ ದಿನ ಏನಾಯಿತು ಎಂದು ನಿನಗೆ ಹೇಳಲು ನನಗೆ ಎರಡು ಸಾಲು ಸಾಕು. ಬರೆಯುವುದಿಲ್ಲ. ನಾನು ಹೇಳಿದರೆ ಅದು ಚಾಡಿಯಾಗುತ್ತದೆ. ನಿನ್ನಮ್ಮನ ಬಾಯಿಂದಲೇ ಬರಬೇಕು. ಕೇಳು ಅವಳನ್ನು. ಅಪ್ಪ "ಟೈಮಾಯ್ತು" ಎಂದರೆ ಕಾರಿನ ಬೀಗದ ಕೈ ಜೇಬಿನಲ್ಲಿ ಹಾಕಿಕೊಂಡು ಕೂತುಬಿಡು. ಅಲ್ಲಿ ನಿನ್ನನ್ನು ಬಿಟ್ಟರೆ ಕಾರು ಓಡಿಸುವವರಿಲ್ಲ ಎಂದು ನನಗೆ ಗೊತ್ತಿದೆ.

ನಾನು ನಿನಗೆ ಹೇಳದೆ ಹೋದದ್ದು ನಿಜ. ಅದೊಂದಕ್ಕೆ ನಿನ್ನ ಕೋಪ ಸರಿ. ಉಳಿದದ್ದನ್ನು ಎತ್ತಿಟ್ಟಿರು, ಯಾರ ಮೇಲೆ ಹಾಕಬೇಕೆಂದು ಆಮೇಲೆ ನಿರ್ಧರಿಸು.

ಕೆಂಪಿ ದೊಡ್ಡಮ್ಮ

೧೨ ನವೆಂಬರ್, ಮೂರನೆಯ ತಂಗುದಾಣ

ಕೆಂಪಿ,

ಹೇಳಿದೆ.

ನಿನ್ನೆ ಮಧ್ಯಾಹ್ನ ಆ ಜಾಗ ಬಂತು. ಈಗ ಅಲ್ಲಿ ಹಳದಿ ಬಣ್ಣದ ದೊಡ್ಡ ಫಲಕ ಹಾಕಿದ್ದಾರೆ, ಮುಂದಿನ ಪೆಟ್ರೋಲ್ ತೊಂಬತ್ತು ಮೈಲಿ ಎಂದು. ಅಂಕಿಯಲ್ಲೂ ಅಕ್ಷರದಲ್ಲೂ. ಪುಟ್ಟಿ ಮೀಟರು ನೋಡಿ "ಇದೆ, ಸಾಕು" ಎಂದಳು. ಅರವತ್ತು ದಾಟುವವರೆಗೂ ನಾನು ಮೈಲಿಗಲ್ಲು ಎಣಿಸುತ್ತಾ ಕೂತಿದ್ದೆ. ಆಮೇಲೆ ತಡೆಯಲಾಗಲಿಲ್ಲ. "ನಿಲ್ಲಿಸು" ಎಂದೆ. ವಾಂತಿ ಬಂತೇನೋ ಎಂದು ಅವಳು ಗಾಬರಿಯಾಗಿ ನಿಲ್ಲಿಸಿದಳು. ಹೇಳಿದೆ. ನಾಲ್ಕು ಮಾತಿಗೆ ಮುಗಿಯಿತು. ಇಪ್ಪತ್ತನಾಲ್ಕು ವರ್ಷ ಹೊತ್ತದ್ದು ನಾಲ್ಕೇ ಮಾತು.

ಅವಳು ಇಳಿದು ರಸ್ತೆಯ ಮೇಲೆ ನಡೆಯತೊಡಗಿದಳು. ಟೋಪಿ ಇಲ್ಲ, ನೀರಿಲ್ಲ. ಯಜಮಾನರು ಒಂದು ಕ್ಯಾನು ಹೊತ್ತುಕೊಂಡು ಅವಳ ಹಿಂದೆ ಓಡಿದರು. ಎಪ್ಪತ್ತು ವರ್ಷದ ಮನುಷ್ಯ. ಅಷ್ಟು ದೂರದಿಂದಲೂ ಕೇಳಿಸಿತು.

"ನಿಮಗೆ ಗೊತ್ತಿತ್ತಾ ಅಪ್ಪ?"

"ಮನೆ ಬದಲಾಯಿಸಿದಾಗ ಆ ಕರಡು ಸಿಕ್ಕಿತ್ತಮ್ಮ. ಸಿಕ್ಕ ಜಾಗದಲ್ಲೇ ಇಟ್ಟುಬಿಟ್ಟೆ."

"ಎಷ್ಟು ವರ್ಷ ಆಯ್ತು?"

"ಹದಿನಾರು."

ನನ್ನ ಮುಖ ಆ ಮನುಷ್ಯ ಹದಿನಾರು ವರ್ಷ ದಿನಾ ನೋಡುತ್ತಿದ್ದರು, ಕೆಂಪಿ. ಒಂದು ಮಾತು ಕೇಳಿದ್ದರೆ ನಾನು ಅಂದೇ ಹೇಳಿಬಿಡುತ್ತಿದ್ದೆ. ಇವತ್ತು ಅವರ ಮೇಲೆ ನನಗಿರುವ ಕೋಪ ನಿನ್ನ ಕೋಪಕ್ಕಿಂತ ದೊಡ್ಡದು.

ಹೌದು, ಕರಡು ಕಳೆದಿರಲಿಲ್ಲ. ಅದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿದಿದೆ, ಹುಷಾರಾಗಿ ಬಿಚ್ಚು. ನಿನ್ನ ಷರತ್ತು ಮುಗಿಯಿತು. ಈಗ ನನ್ನ ಸರದಿ.

ಅಂಚಿನಲ್ಲಿ ನೀನು ಬರೆದ ಅಂಕಿ ನೋಡು. ನೀನೇ ನೋಡು, ಕನ್ನಡಕ ಒರೆಸಿಕೊಂಡು. ಅದನ್ನು ನಾನು ಆರು ಎಂದು ಓದಿದೆ. ಆರನ್ನೇ ಜೋಡಿಸಿದೆ. ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀಯ. ಬಂತು. ಎದ್ದು ನಿನ್ನ ಮೇಜಿನ ಹತ್ತಿರ ಬರಬೇಕು ಎಂದುಕೊಂಡೆ. ಬರಲಿಲ್ಲ. ಯಾಕೆ ಗೊತ್ತಾ? ಹಿಂದಿನ ದಿನ ಒಂದು ಗುರುತು ಅರ್ಥವಾಗಲಿಲ್ಲ ಎಂದು ಕೇಳಲು ಬಂದಿದ್ದೆ. ನೀನು ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಓದೋಕೆ ಬರದವರು ಮೊಳೆ ಯಾಕೆ ಮುಟ್ಟಬೇಕು?" ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಎಲ್ಲರೂ ನಕ್ಕರು. ಮೇಜಿನ ಕೆಳಗೆ ಕೂತಿದ್ದ ನನ್ನ ಮಗಳೂ ಏನೆಂದು ತಿಳಿಯದೆ ನಕ್ಕಳು. ನಿನಗೆ ನೆನಪಿಲ್ಲ. ನಿನ್ನ ನೆನಪು ಕೂಡ ನಿನ್ನ ಅನುಕೂಲದ್ದೇ.

ವಿಚಾರಣೆಯಲ್ಲಿ ಈ ಹಾಳೆ ತೋರಿಸಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಹಾಗೆ ಬರೆದವಳದು, ಕೇಳದೆ ಜೋಡಿಸಿದವಳದು. ನನಗೆ ಮಗು ಇತ್ತು, ಯಜಮಾನರನ್ನು ಆಗ ಕೆಲಸದಿಂದ ಸಸ್ಪೆಂಡ್ ಮಾಡಿದ್ದರು. ನಿನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅಷ್ಟನ್ನೇ ನೋಡಿದೆ. ಸುಳ್ಳು ಹೇಳಿದೆ. ಕ್ಷಮೆ ಕೇಳುತ್ತೇನೆ, ಆದರೆ ತಲೆ ತಗ್ಗಿಸಿ ಅಲ್ಲ.

ಮೊಳೆ

೧೨ ನವೆಂಬರ್, ಅದೇ ಲಕೋಟೆಯಲ್ಲಿ

ದೊಡ್ಡಮ್ಮ,

ಕಾರು ಈ ತಂಗುದಾಣದ ಮುಂದೆ ನಿಂತಿದೆ. ಮುಂದಕ್ಕೆ ಹೋದರೆ ನಿಮ್ಮ ಊರು, ಹಿಂದಕ್ಕೆ ಹೋದರೆ ನಮ್ಮ ಊರು. ಬೀಗದ ಕೈ ನನ್ನ ಜೇಬಿನಲ್ಲಿದೆ, ನೀವು ಹೇಳಿದ ಹಾಗೆ. ಎಲ್ಲಿಗೂ ಹೋಗುತ್ತಿಲ್ಲ. ಅಪ್ಪನ ವೇಳಾಪಟ್ಟಿಯನ್ನು ಅವರ ಎದುರಿಗೇ ಹರಿದು ಹಾಕಿದೆ. ಅವರು ಚೂರುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಅಮ್ಮನ ಕೈಚೀಲದಿಂದ ನಿಮ್ಮ ಕಾಗದ ತೆಗೆದುಕೊಂಡು ಓದಿದೆ. ಅಮ್ಮ ಬರೆದದ್ದನ್ನೂ ಕೇಳಿ ತಿಳಿದೆ. ನಿಮ್ಮ ಮೇಲೆ ಕೂಗಾಡಿದ್ದಕ್ಕೆ ತಪ್ಪಾಯಿತು ಎನ್ನಬೇಕೆಂದು ಕೂತೆ. ಓದಿ ಮುಗಿಸಿದ ಮೇಲೆ ಅದು ಬರುತ್ತಿಲ್ಲ, ಬೇರೆ ಕೋಪ ಬರುತ್ತಿದೆ.

ನೀವಿಬ್ಬರೂ ಎಷ್ಟು ಚೆನ್ನಾಗಿ ಬರೆಯುತ್ತೀರಿ. ಯಾರು ಯಾವ ಅಂಕಿ ಬರೆದರು, ಯಾರು ನಕ್ಕರು, ಯಾರ ಕೆಲಸ ಹೋಯಿತು, ಯಾರಿಗೆ ಮಗುವಿತ್ತು. ಇಷ್ಟು ಕಾಗದಗಳಲ್ಲಿ ಆ ಮೇಷ್ಟ್ರು ನಡೆದು ಹೋಗಿ ಸಾಯುತ್ತಾರೆ, ಅಷ್ಟೇ. ನಾನು ಆ ರಸ್ತೆಯಲ್ಲಿ ಕಾಲು ಗಂಟೆ ನಡೆದೆ. ನವೆಂಬರಿನಲ್ಲಿ. ನಾಲಿಗೆ ಅಂಟಿಕೊಂಡಿತ್ತು. ಅವರ ಹೆಂಡತಿ ಇಡೀ ರಾತ್ರಿ ಕಾರಿನ ಪಕ್ಕದಲ್ಲಿ ಕೂತಿದ್ದರಲ್ಲ, ಅವರು ಬದುಕಿದ್ದಾರಾ? ಅಮ್ಮನನ್ನು ಕೇಳಿದೆ. "ಗೊತ್ತಿಲ್ಲ" ಎಂದರು. ಅಪ್ಪನನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ನಿಮಗಾದರೂ ಗೊತ್ತಾ? ಒಂದು ಸಲವಾದರೂ ಅವರಿಗೆ ಯಾರಾದರೂ ಕಾಗದ ಬರೆದಿದ್ದೀರಾ?

ಉತ್ತರ ಬರುವವರೆಗೆ ಇಲ್ಲೇ ಇರುತ್ತೇನೆ. ಅಮ್ಮ ಪಕ್ಕದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಊಟ ಮಾತ್ರ ಮಾಡಿಸಿದ್ದೇನೆ.

ಪುಟ್ಟಿ

೧೩ ನವೆಂಬರ್

ಪುಟ್ಟಿ,

ಇದನ್ನು ನಿನ್ನಮ್ಮನಿಗೆ ಓದಿ ಹೇಳು. ಅಪ್ಪನಿಗೂ ಕೇಳುವ ಹಾಗೆ ಓದು. ಒಂದು ಅಕ್ಷರ ಬಿಡಬೇಡ.

ಬೆಳಗ್ಗೆ ಹತ್ತು ಗಂಟೆಗೆ ಲಕೋಟೆ ಬಂತು. ಲಾಂಡ್ರಿಯ ಕಿಟಕಿಯ ಹತ್ತಿರ ಹಾಳೆ ಬಿಚ್ಚಿದೆ. ಎಂಟರ ಮೇಲೆ ನನ್ನ ಕೆಂಪು ಗೆರೆ ಇದೆ. ಅಂಚಿನಲ್ಲಿ ನನ್ನ ಅಂಕಿ ಇದೆ. ಕನ್ನಡದ ೬, ೯ ಎರಡು ಅಂಕಿಗಳಿಗೂ ಮೈ ಒಂದೇ, ಬಾಲ ತಿರುಗುವ ಕಡೆ ಮಾತ್ರ ಬೇರೆ. ನನ್ನದು ಯಾವ ಕಡೆಗೂ ಸರಿಯಾಗಿ ತಿರುಗಿಲ್ಲ. ಅವಸರದಲ್ಲಿ ಪೆನ್ನು ಎತ್ತಿಬಿಟ್ಟಿದ್ದೇನೆ. ಒಂಬತ್ತು ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿದರೆ ಒಂಬತ್ತು. ಹಾಗೇ ನೋಡಿದರೆ ಆರು.

ಖಚಿತವಾಗಲಿ ಎಂದು ಹಾಳೆಯನ್ನು ನಮ್ಮ ಲಾಂಡ್ರಿ ಮಾಲೀಕರಿಗೆ ತೋರಿಸಿದೆ. ಯಾವ ಕಾಗದ, ಯಾಕೆ ಎಂದು ಹೇಳಲಿಲ್ಲ. "ಇದೇನಂತ ಓದ್ತೀರಿ?" ಎಂದೆ.

"ಆರು" ಎಂದರು. ಆಮೇಲೆ ನನ್ನ ಮುಖ ನೋಡಿ ನಕ್ಕರು. "ನೀವು ಬರೆದಿದ್ದಾ? ಹಾಗಾದ್ರೆ ಒಂಬತ್ತೂ ಇರಬಹುದು. ಅದಕ್ಕೇ ಅಲ್ವಾ ನಿಮ್ಮ ಕೈಲಿ ಆರು, ಒಂಬತ್ತು ಎರಡನ್ನೂ ಅಕ್ಷರದಲ್ಲಿ ಬರೆಸೋದು. ಆ ವಕೀಲರ ಅಂಗಿ ಡಾಕ್ಟರ ಮನೆಗೆ ಹೋಗಿದ್ದು ಮರೆತುಹೋಯ್ತಾ?"

ಹತ್ತು ವರ್ಷದಿಂದ ಅಂಗಿಗಳ ಮೇಲೆ ಆರು, ಒಂಬತ್ತು ಎಂದು ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅದು ಆ ಮನುಷ್ಯನ ಮೊಂಡುತನ ಎಂದು ಬೈದುಕೊಂಡೇ ಬರೆದಿದ್ದೇನೆ. ಒಂದು ದಿನವೂ ನನಗೆ ಹೊಳೆಯಲಿಲ್ಲ.

ಇಸ್ತ್ರಿಯ ಒಲೆ ಎರಡು ಮಾರು ದೂರದಲ್ಲಿತ್ತು, ಪುಟ್ಟಿ. ಹಾಳೆ ಅಷ್ಟು ಒಣಗಿತ್ತು. ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಗಿರಬೇಕು, ಲಕೋಟೆಯಲ್ಲಿ ಏನೂ ಇರಲಿಲ್ಲ ಎಂದು ಬರೆದರೆ ನೀನು ನಂಬುತ್ತಿದ್ದೆ. ನಿನ್ನಮ್ಮ ಮಾತ್ರ ನಂಬುತ್ತಿರಲಿಲ್ಲ. ಆಗ ಅವಳ ಮಾತನ್ನು ಯಾರು ಕೇಳುತ್ತಿದ್ದರು? ಅದನ್ನು ಎಷ್ಟು ಹೊತ್ತು ಯೋಚಿಸಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹಾಳೆ ಈಗ ನನ್ನ ಚೀಲದಲ್ಲಿದೆ.

ಮೊಳೆ, ಈಗ ನಿನಗೆ. ನನ್ನ ಕೋಪ ಹೋಗಿದೆ ಎಂದುಕೊಳ್ಳಬೇಡ. ಆರು ನನ್ನದು. ಸುಳ್ಳು ನಿನ್ನದು. ಒಂದರಿಂದ ಇನ್ನೊಂದು ಕಡಿಮೆಯಾಗುವುದಿಲ್ಲ. ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ ಎಂದೆಯಲ್ಲ, ನನ್ನ ಮೇಜಿನ ಕೆಳಗೆ ಒಬ್ಬಳಿದ್ದಳು. ಅವಳನ್ನು ನನ್ನಿಂದ ಕಿತ್ತುಕೊಂಡೆ. ಅದಕ್ಕೆ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಬೈಯಬೇಕು. ಮೊಳೆ ಮುಟ್ಟುವ ಮಾತು ನಾನು ಆಡಿದ್ದು ನಿಜವೇ ಇರಬೇಕು. ನೆನಪಿಲ್ಲ, ಆದರೆ ಓದಿದಾಗ ಅದು ನನ್ನದೇ ಧ್ವನಿ ಎಂದು ಗೊತ್ತಾಯಿತು. ಅದಕ್ಕೆ ನೀನು ನನ್ನನ್ನು ಬೈ.

ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರ. ಮೇಷ್ಟ್ರ ಹೆಂಡತಿ ಬದುಕಿದ್ದಾರೆ. ನೀವು ನಿಂತಿರುವಲ್ಲಿಂದ ಉತ್ತರಕ್ಕೆ ಒಂದು ಕವಲು ದಾರಿ ಹೋಗುತ್ತದೆ, ಅರ್ಧ ದಿನದ ಪ್ರಯಾಣ. ಆ ಊರಿನ ಆಸ್ಪತ್ರೆಯ ಎದುರಿಗೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಹನ್ನೊಂದು ವರ್ಷದಿಂದ ನನಗೆ ವಿಳಾಸ ಗೊತ್ತು. ಹೋಗಲಿಲ್ಲ, ಬರೆಯಲಿಲ್ಲ. ತಪ್ಪು ನನ್ನದಲ್ಲ ಎಂದು ತೋರಿಸುವ ಹಾಳೆ ಯಾವತ್ತಾದರೂ ಸಿಗುತ್ತದೆ, ಅದನ್ನು ಹಿಡಿದುಕೊಂಡು ಹೋಗೋಣ ಎಂದು ಕಾಯುತ್ತಿದ್ದೆ. ಬರಿಗೈಯಲ್ಲಿ ಹೋದರೆ ಅವರು ನನ್ನನ್ನು ಹೇಗೆ ನೋಡುತ್ತಾರೋ ಎನ್ನುವುದೇ ನನಗೆ ದೊಡ್ಡದಾಗಿತ್ತು. ಈಗ ಹಾಳೆ ಸಿಕ್ಕಿತು. ಇನ್ನು ಕಾಯಲು ಏನೂ ಉಳಿದಿಲ್ಲ.

ಆದ್ದರಿಂದ ನೀವು ನನ್ನ ಮನೆಗೆ ಬರಬೇಡಿ. ನಾಳೆಯ ಬಸ್ಸಿಗೆ ನಾನೇ ಅಲ್ಲಿಗೆ ಬರುತ್ತೇನೆ. ಆ ದಾರಿಯಲ್ಲಿ ಇಪ್ಪತ್ತು ವರ್ಷದಿಂದ ಕಾಲಿಟ್ಟಿಲ್ಲ. ಕಂಡಕ್ಟರ್ ಕಿಟಕಿಯ ಪಕ್ಕದ ಸೀಟು ಕೊಡುತ್ತೇನೆ ಎಂದ, ಬೇಡ ಎಂದೆ. ಅಲ್ಲಿಂದ ನಾವು ನಾಲ್ವರೂ ಆ ಕವಲು ದಾರಿಯಲ್ಲಿ ಹೋಗೋಣ. ಅವರ ಅಂಗಡಿಯ ಮುಂದೆ ನಾನೂ ನಿನ್ನಮ್ಮನೂ ಇಳಿಯುತ್ತೇವೆ, ಹಾಳೆಯನ್ನು ಅವರ ಕೈಗೆ ಕೊಟ್ಟು ಇಬ್ಬರೂ ನಮ್ಮ ನಮ್ಮದನ್ನು ಹೇಳುತ್ತೇವೆ. ಅವರು ಬಾಗಿಲು ಹಾಕಿಕೊಂಡರೆ ಅದು ಅವರ ಹಕ್ಕು. ನೀನು ಕಾರಿನಲ್ಲೇ ಕೂತಿರು. ಇದರಲ್ಲಿ ನಿನ್ನದೇನೂ ಇಲ್ಲ.

ಸ್ಟೇಷನ್ ಮಾಸ್ಟರರಿಗೆ ಹೇಳು, ಹಿಂದಿನ ಸೀಟಿನಿಂದ ಕ್ಯಾನುಗಳನ್ನು ಡಿಕ್ಕಿಗೆ ಸಾಗಿಸಲಿ. ನಾನು ನಿನ್ನಮ್ಮನ ಪಕ್ಕದಲ್ಲೇ ಕೂರಬೇಕು. ಅರ್ಧ ದಿನದ ದಾರಿ ಇದೆ.

ಬಸ್ಸಿನಿಂದ ಇಳಿದ ಕೂಡಲೇ ಯಾರೂ ತಬ್ಬಿಕೊಳ್ಳಲು ಬರಬೇಡಿ. ಮೊದಲು ಜಗಳ ಆಗಬೇಕು.

ಕೆಂಪಿ